ಬ್ಯಾಟರಿ ಸೈಕಲ್ಲು: ಆರಿಸುವವರು ಯಾರು, ತೆರುವವರು ಯಾರು?

ಕಳೆದ ತಿಂಗಳ ಒಂದು ರಾತ್ರಿ, ಹೋಟೆಲುಗಳ ಬಾಗಿಲು ಹಾಕಿದ ಮೇಲೆ, ಮಾಟುಂಗಾ ಕಡೆಯ ಹೋಟೆಲೊಂದರ ನಾಲ್ವರು ಪಾರ್ಸೆಲ್ ಹುಡುಗರು ನಮ್ಮ ಸಂಘದ ಕೋಣೆಗೆ ಬಂದರು. ಕೈಯಲ್ಲೊಂದು ಬಣ್ಣದ ಕಾಗದ. ಅದರ ಮೇಲೆ ಸಾಮಾನು ಹೊರುವ ಬ್ಯಾಟರಿ ಸೈಕಲ್ಲಿನ ಚಿತ್ರ. "ಅಣ್ಣ, ಧಣಿಗಳು ನಮಗೆ ತಲೆಗೊಂದು ಗಾಡಿ ತೆಗೆದುಕೊಡುತ್ತಾರಂತೆ. ಸಂಬಳದಲ್ಲಿ ತಿಂಗಳಿಗೆ ಎರಡು ಸಾವಿರ ಹಿಡಿಯುತ್ತಾರಂತೆ. ಎರಡು ವರ್ಷ ಕಳೆದರೆ ಗಾಡಿ ನಮ್ಮದೇ ಅಂತೆ. ಒಪ್ಪುವುದಾ, ಬೇಡವಾ?" ಎಂದು ಅವರಲ್ಲಿ ಹಿರಿಯನಾದವನು ಕೇಳಿದ. ಉಳಿದ ಮೂವರ ಕಣ್ಣು ಆ ಚಿತ್ರವನ್ನು ಬಿಟ್ಟು ಮೇಲೇಳಲಿಲ್ಲ.

ಆ ಆಸೆಯನ್ನು ನಾವು ತಪ್ಪೆನ್ನಲಾರೆವು. ಈ ಸಾಲುಗಳನ್ನು ಬರೆಯುವ ನಾವೂ ಏಳನೆಯ ತರಗತಿ ಮುಗಿಸಿ, ಊರಿನ ಬಸ್ಸು ಹತ್ತಿ ಈ ಮುಂಬಯಿಗೆ ಬಂದವರೇ. ಮೊದಲು ಲೋಟ ತೊಳೆದೆವು, ಆಮೇಲೆ ಮೇಜು ಒರೆಸಿದೆವು, ಆಮೇಲೆ ಒಂಬತ್ತು ವರ್ಷ ಪಾರ್ಸೆಲ್ ಹೊತ್ತೆವು. ಪರೇಲಿನಲ್ಲಿ ನಮ್ಮ ಹಿರಿಯರು ನೂಲು ತೆಗೆದ ಗಿರಣಿಗಳ ಜಾಗದಲ್ಲಿ ಈಗ ಗಾಜಿನ ಕಟ್ಟಡಗಳು ನಿಂತಿವೆಯಷ್ಟೆ. ಅಲ್ಲಿಯ ಆಫೀಸುಗಳಿಗೆ ಬೆಳಗಿನ ಇಡ್ಲಿ-ವಡೆ ಮುಟ್ಟಿಸುವುದು ನಮ್ಮ ಪಾಲಿಗಿತ್ತು. ಹಿಂದೆ ಇಪ್ಪತ್ತು ಲೀಟರಿನ ಸಾಂಬಾರಿನ ಕ್ಯಾನು, ಹ್ಯಾಂಡಲಿನ ಎರಡು ಕಡೆಗೂ ಇಡ್ಲಿಯ ಡಬ್ಬಿ, ಕುತ್ತಿಗೆಗೆ ಚಟ್ನಿಯ ಚೀಲ. ದಾದರಿನ ಟಿಳಕ್ ಸೇತುವೆಯ ಏರಿನಲ್ಲಿ ಹ್ಯಾಂಡಲು ಒಂದು ಕಡೆ ಎಳೆಯುತ್ತಿತ್ತು, ಕ್ಯಾನು ಇನ್ನೊಂದು ಕಡೆ. ಹಿಂದಿನಿಂದ ಬೆಸ್ಟ್ ಬಸ್ಸಿನ ಹಾರ್ನು. ಇಂದು ನಮಗೆ ಮೂವತ್ತಾರು ವರ್ಷ. ಸಂಘದ ಕೋಣೆಗೆ ಹತ್ತುವ ಹದಿನೆಂಟು ಮೆಟ್ಟಿಲುಗಳಲ್ಲಿ ಬಲಮೊಣಕಾಲು ಎಷ್ಟು ಸಲ ಕಟ್ ಎನ್ನುತ್ತದೆಂದು ನಮಗೆ ಲೆಕ್ಕ ಸಿಕ್ಕಿದೆ. ಆದುದರಿಂದ ಪಾರ್ಸೆಲ್ ಹುಡುಗನ ಕಾಲಿನ ಭಾರವನ್ನು ಒಂದು ಯಂತ್ರ ಹೊರುವುದಾದರೆ ಅದನ್ನು ಬೇಡವೆನ್ನುವ ಮೂರ್ಖತನ ನಮ್ಮಲ್ಲಿಲ್ಲ. ಗಾಡಿ ಬರಲಿ. ಆದರೆ ಅದನ್ನು ಆರಿಸುವವನು ಓಡಿಸುವವನಾಗಿರಬೇಕು, ಬೆಲೆ ತೆರುವವನು ಅದರಿಂದ ಲಾಭ ಪಡೆಯುವವನಾಗಿರಬೇಕು ಎಂಬುದು ನಮ್ಮ ಅಭಿಪ್ರಾಯ. ಕಾಗದದ ಮೇಲಿನ ಏರ್ಪಾಡು ಇದಕ್ಕೆ ತೀರ ತಿರುಗುಮುರುಗಾಗಿತ್ತು. ಆರಿಸಿದ್ದು ಧಣಿ, ತೆರಬೇಕಾದದ್ದು ಹುಡುಗ.

ನಾವು ಕಂಡದ್ದನ್ನೇ ಹೇಳುತ್ತೇವೆ. ಬಾಗಿಲು ಹಾಕಿದ ಹೋಟೆಲೊಂದರ ನಾಲ್ವರು ಕೆಲಸಗಾರರು ಸಂಘದ ಚೀಟಿ ಹಣದಿಂದ ಹದಿನಾಲ್ಕು ತಿಂಗಳ ಹಿಂದೆ ಇಂತಹ ಒಂದು ಗಾಡಿ ಕೊಂಡರು. ಅವರು ಇಡ್ಲಿ-ದೋಸೆಯ ಹಿಟ್ಟು ರುಬ್ಬಿ ಸಣ್ಣ ಹೋಟೆಲುಗಳಿಗೂ ಮನೆಗಳಿಗೂ ಹಾಕುತ್ತಾರೆ. ಗಾಡಿ ಆರಿಸುವಾಗ ನಾವೂ ಜತೆಗಿದ್ದೆವು. ವಾರಕ್ಕೆರಡು ದಿನ ನಾವೂ ಓಡಿಸಿದ್ದೇವೆ. ಏಳು ಸಾವಿರ ಕಿಲೋಮೀಟರು ದಾಟಿದ ಈ ಗಾಡಿ ನಮಗೆ ಕಲಿಸಿದ್ದು ಅಂಗಡಿಯವನು ಹೇಳಿದ್ದಕ್ಕಿಂತ ಹೆಚ್ಚು.

ಮೊದಲು ಅಳತೆಯ ಮಾತು. ಹೊರೆ ಸೈಕಲ್ಲುಗಳಲ್ಲಿ ಹಲವು ಜಾತಿ. ಡೆನ್ಮಾರ್ಕಿನಲ್ಲಿ, ಹಾಲೆಂಡಿನಲ್ಲಿ ಮುಂದೆ ದೊಡ್ಡ ಮರದ ಪೆಟ್ಟಿಗೆಯಿರುವ ಗಾಡಿಗಳಲ್ಲಿ ಮಕ್ಕಳನ್ನೂ ತರಕಾರಿಯನ್ನೂ ಒಟ್ಟಿಗೆ ಕೂರಿಸಿಕೊಂಡು ಹೋಗುತ್ತಾರೆ. ಅಲ್ಲಿ ಅದಕ್ಕೆ ಪ್ರತ್ಯೇಕ ದಾರಿಯಿದೆ. ನಮ್ಮ ಭುಲೇಶ್ವರದ ಗಲ್ಲಿಯಲ್ಲಿ ಅಂತಹ ಗಾಡಿಯನ್ನು ತಿರುಗಿಸಬೇಕಾದರೆ ಎರಡು ಅಂಗಡಿಗಳ ಗೋಡೆ ಒಡೆಯಬೇಕಾದೀತು. ಬಾಲ ಉದ್ದವಾದ ಇನ್ನೊಂದು ಜಾತಿಯೂ ಇದೆ. ಅದು ಚಾಳಿನ ಮೆಟ್ಟಿಲ ಬುಡದಲ್ಲಿ ನಿಲ್ಲದು. ನಮಗೆ ಬೇಕಾದದ್ದು ಗಿಡ್ಡ ಜಾತಿ: ಒಟ್ಟು ಉದ್ದ ಮಾಮೂಲು ಸೈಕಲ್ಲಿನಷ್ಟೇ, ಅಂದರೆ ಸುಮಾರು 180 ಸೆಂಟಿಮೀಟರು. ಗಾಲಿಗಳು ಮಾತ್ರ ಸಣ್ಣವು, 20 ಇಂಚಿನವು. ತೈವಾನಿನ ಟರ್ನ್ ಎಂಬ ಕಂಪೆನಿಯ ಜಿಎಸ್‌ಡಿ ಎಂಬ ಗಾಡಿ ಈ ಜಾತಿಗೆ ಹೆಸರು ತಂದುಕೊಟ್ಟಿತು. ಸವಾರನೂ ಗಾಡಿಯ ಸ್ವಂತ ತೂಕವೂ ಸೇರಿ 200 ಕಿಲೋ ತಡೆಯುವ ಅದನ್ನು ಕುದುರೆ ಹಿಂಗಾಲ ಮೇಲೆ ನಿಂತಂತೆ ಬಾಲದ ಮೇಲೆ ನೆಟ್ಟಗೆ ನಿಲ್ಲಿಸಿ ಮೂಲೆಯಲ್ಲಿಡಬಹುದು. ಅದು ಹೊರಬಂದಾಗ ಅಮೆರಿಕದಲ್ಲಿ ಬೆಲೆ ಸುಮಾರು ನಾಲ್ಕು ಸಾವಿರ ಡಾಲರು. ನಮ್ಮ ಸಂಬಳಕ್ಕೆ ಅದು ಚಿತ್ರದಲ್ಲಿ ನೋಡುವ ವಸ್ತು. ಆದರೆ ಆ ಅಳತೆಯ ಹಿಂದಿನ ಬುದ್ಧಿಯನ್ನು ನಾವು ಪುಕ್ಕಟೆಯಾಗಿ ಕಲಿಯಬಹುದು. ಗಾಲಿ ಸಣ್ಣದಾದರೆ ಹೊರೆ ನೆಲಕ್ಕೆ ಹತ್ತಿರ ಕೂರುತ್ತದೆ, ಹೊರೆ ಕೆಳಗಿದ್ದರೆ ಗಾಡಿ ವಾಲುವುದಿಲ್ಲ. ಸಣ್ಣ ಗಾಲಿಯ ಕಡ್ಡಿಗಳೂ ಗಿಡ್ಡ, ಆದ್ದರಿಂದ ಗಟ್ಟಿ. ಹಳ್ಳ ಬಂದಾಗ ಮಾತ್ರ ಸಣ್ಣ ಗಾಲಿ ಹೆಚ್ಚು ಕುಲುಕುತ್ತದೆ. ಅದಕ್ಕೆ ಎರಡಿಂಚು ಅಗಲದ ಟೈರೇ ಮದ್ದು.

ಟೈರಿನ ಮಾತು ಬಂದುದರಿಂದ ಒಂದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. 20 ಇಂಚು ಎಂದು ಬರೆದಿರುವ ಗಾಲಿಗಳಲ್ಲಿಯೂ ಎರಡು ಬೇರೆ ಅಳತೆಗಳಿವೆ. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಬದಿಯಲ್ಲಿ ಸಣ್ಣಕ್ಷರದಲ್ಲಿ 406 ಎಂದಿದ್ದರೆ ಅದು ಮಕ್ಕಳ ಸೈಕಲ್ಲಿನ ಸಾಮಾನ್ಯ ಅಳತೆ. ಟೈರು, ಟ್ಯೂಬು ಯಾವ ಮೂಲೆಯ ಅಂಗಡಿಯಲ್ಲೂ ಸಿಗುತ್ತದೆ. 451 ಎಂದಿದ್ದರೆ ತೆಳ್ಳನೆಯ, ಓಟದ ಗಾಡಿಯ ಜಾತಿ. ಪಂಕ್ಚರಾದ ದಿನ ಊರೆಲ್ಲ ಅಲೆಯಬೇಕು. ಇದನ್ನು ನಮಗೆ ಹೇಳಿಕೊಟ್ಟವನು ಅಂಗಡಿಯ ಟೈ ಕಟ್ಟಿದ ಮಹನೀಯನಲ್ಲ, ವಡಾಲಾದ ಫುಟ್‌ಪಾತಿನಲ್ಲಿ ಪಂಕ್ಚರು ಹಾಕುವ ಮುದುಕ.

ಮೋಟಾರು ಹಿಂದಿನ ಗಾಲಿಯ ನಡುವಿನಲ್ಲಿರುವ ಗಾಡಿಯನ್ನೇ ನಾವು ಆರಿಸಿದೆವು. ಪೆಡಲಿನ ಬಳಿಯಲ್ಲೇ ಮೋಟಾರಿರುವ ಗಾಡಿಗಳು ಏರು ಹತ್ತುವುದರಲ್ಲಿ ಇದಕ್ಕಿಂತ ಮೇಲು ಎಂಬುದು ನಿಜ. ಆದರೆ ಅದು ಚೈನನ್ನು ಬೇಗ ತಿನ್ನುತ್ತದೆ, ಬೆಲೆಯೂ ಹೆಚ್ಚು, ಕೆಟ್ಟರೆ ಕಂಪೆನಿಯವನೇ ಬರಬೇಕು. ಮುಂಬಯಿಯಲ್ಲಿ ನಮಗೆ ಮಲಬಾರ್ ಹಿಲ್ಲಿನ ಗಿರಾಕಿಗಳಿಲ್ಲ. ಇರುವುದು ಸೇತುವೆಯ ಏರುಗಳು. ಅಷ್ಟಕ್ಕೆ ಗಾಲಿಯ ಮೋಟಾರು ಸಾಕು. ಹೊರೆ ಗಾಡಿಗೆ ಬ್ರೇಕು ಮಾತ್ರ ಡಿಸ್ಕಿನದೇ ಬೇಕು, ಏಕೆಂದರೆ ಮಳೆಗಾಲದಲ್ಲಿ ರಿಮ್ಮನ್ನು ಹಿಡಿಯುವ ರಬ್ಬರು ಐವತ್ತು ಕಿಲೋ ಹಿಟ್ಟನ್ನು ನಿಲ್ಲಿಸಲಾರದು. ಅದೂ ತಂತಿಯಿಂದ ಎಳೆಯುವ ಡಿಸ್ಕು. ಎಣ್ಣೆಯದು ಮೃದುವಾಗಿ ಹಿಡಿಯುತ್ತದೆ, ನಿಜ, ಆದರೆ ತಂತಿ ಕಡಿದರೆ ಅರ್ಧ ಗಂಟೆಯಲ್ಲಿ ಹಾಕಿಸಬಹುದು. ಸ್ಟ್ಯಾಂಡು ಎರಡು ಕಾಲಿನದಿರಲಿ. ಒಂಟಿ ಕಾಲಿನ ಸ್ಟ್ಯಾಂಡಿನಲ್ಲಿ ಹೊರೆ ಇಳಿಸುವಾಗ ನಮ್ಮ ಗಾಡಿ ಮೊದಲ ವಾರವೇ ಮಗುಚಿ, ಹನ್ನೆರಡು ಕಿಲೋ ದೋಸೆ ಹಿಟ್ಟು ಸಾಯನ್ನಿನ ರಸ್ತೆಗೆ ನೈವೇದ್ಯವಾಯಿತು. ಆ ದಿನದ ನಷ್ಟದಲ್ಲಿ ಎರಡು ಸ್ಟ್ಯಾಂಡು ಬರುತ್ತಿತ್ತು.

ಇನ್ನು ಅಂಗಡಿಯವರ ಅಂಕಿಗಳು. "ಒಂದು ಚಾರ್ಜಿಗೆ ಅರುವತ್ತು ಕಿಲೋಮೀಟರು" ಎಂದು ಕಾಗದದಲ್ಲಿತ್ತು. ನಾವು ಲೆಕ್ಕ ಹಾಕಿ ನೋಡಿದೆವು. 36 ವೋಲ್ಟಿನ, 10 ಆಂಪಿಯರ್-ಗಂಟೆಯ ಬ್ಯಾಟರಿಯೆಂದರೆ 360 ವಾಟ್-ಗಂಟೆ. ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಹೊರೆ ಹೊತ್ತ ನಮ್ಮ ಗಾಡಿ ಕಿಲೋಮೀಟರಿಗೆ ಹನ್ನೆರಡು ವಾಟ್-ಗಂಟೆಯಷ್ಟು ಕುಡಿಯುತ್ತದೆ. ಭಾಗಿಸಿದರೆ ಮೂವತ್ತು. ಅರುವತ್ತು ಬರಬೇಕಾದರೆ ಹೊರೆಯಿಲ್ಲದೆ, ಏರಿಲ್ಲದೆ, ಸಣಕಲು ಹುಡುಗನೊಬ್ಬ ಪೆಡಲನ್ನೂ ತುಳಿಯುತ್ತಾ ಸಮುದ್ರದ ದಂಡೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಹೋಗಬೇಕು. ಹಾಗೆಯೇ ಹೊರೆಯ ಅಂಕಿ. "150 ಕಿಲೋ ತಡೆಯುತ್ತದೆ" ಎಂದರೆ ಸಾಮಾನು ನೂರೈವತ್ತು ಕಿಲೋ ಎಂದು ಆ ಹುಡುಗರು ತಿಳಿದಿದ್ದರು. ಅಲ್ಲ. ಬಹುಮಟ್ಟಿಗೆ ಆ ಅಂಕಿಯಲ್ಲಿ ಓಡಿಸುವವನೂ ಸೇರಿರುತ್ತಾನೆ, ಎಷ್ಟೋ ಸಲ ಗಾಡಿಯ ಸ್ವಂತ ತೂಕವೂ ಸೇರಿರುತ್ತದೆ. ಅರುವತ್ತು ಕಿಲೋ ಹುಡುಗ, ಮೂವತ್ತು ಕಿಲೋ ಗಾಡಿ ಕಳೆದರೆ ಉಳಿಯುವುದು ಅರುವತ್ತು. ಧಣಿಗಳ ಕಣ್ಣಿಗೆ ಕಾಣುವುದು ಮೊದಲಿನ ದೊಡ್ಡ ಅಂಕಿ ಮಾತ್ರ.

ಕಾಯಿದೆಯ ವಿಷಯದಲ್ಲಿ ಗೊಂದಲ ಬೇಡ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ ಕಾಲು ಕಿಲೋವಾಟಿಗಿಂತ ಕಡಿಮೆಯಿದ್ದು, ಗಂಟೆಗೆ 25 ಕಿಲೋಮೀಟರಿನ ವೇಗದಲ್ಲಿ ಮೋಟಾರು ತಾನಾಗಿ ನಿಲ್ಲುವ ಪೆಡಲಿನ ಸೈಕಲ್ಲು ಮೋಟಾರು ವಾಹನವೆನಿಸುವುದಿಲ್ಲ. ಲೈಸೆನ್ಸು ಬೇಡ, ನಂಬರು ಬೇಡ. ಆದರೆ ಕೆಲವು ಜಾಣರು ಹೇಳಿಕೊಡುತ್ತಾರೆ, ಒಳಗಿನ ಒಂದು ತಂತಿ ಕತ್ತರಿಸಿದರೆ ನಲವತ್ತರಲ್ಲಿ ಹಾರುತ್ತದೆ ಎಂದು. ಕತ್ತರಿಸಿದ ಕ್ಷಣದಿಂದ ಅದು ನಂಬರಿಲ್ಲದ, ವಿಮೆಯಿಲ್ಲದ ಮೋಟಾರು ಗಾಡಿ. ಯಾರಿಗಾದರೂ ಬಡಿದರೆ ಪೊಲೀಸು ಹಿಡಿಯುವುದು ಹುಡುಗನನ್ನು; "ಬೇಗ ಮುಟ್ಟಿಸು" ಎಂದು ಗಲ್ಲೆಯಿಂದ ಕೂಗಿದವರನ್ನಲ್ಲ.

ಈಗ ಬ್ಯಾಟರಿಗೆ ಬರೋಣ. ಆ ನಾಲ್ವರು ಬಂದ ಮರುದಿನ ನಾವು ಅವರ ಹೋಟೆಲಿಗೆ ಹೋಗಿ ಮೊದಲು ನೋಡಿದ್ದು ಗಾಡಿಯನ್ನಲ್ಲ, ಅವರು ಮಲಗುವ ಜಾಗವನ್ನು. ನಮ್ಮ ಓದುಗರಿಗೆ ಇದನ್ನು ವರ್ಣಿಸಬೇಕಾಗಿಲ್ಲ. ಅಡುಗೆಮನೆಯ ಮೇಲೆ ಮರದ ಅಟ್ಟ. ಕೂತರೆ ತಲೆಗೆ ತಾಗುವ ಮಾಡು. ಅಕ್ಕಿಯ ಗೋಣಿ, ಉದ್ದಿನ ಗೋಣಿ, ನಡುವೆ ಒಂಬತ್ತು ಚಾಪೆ. ಹತ್ತಲು ಇಳಿಯಲು ಒಂದೇ ಏಣಿ. ಏಣಿಯಿಂದ ಆರು ಹೆಜ್ಜೆಗೆ ಗ್ಯಾಸಿನ ಸಿಲಿಂಡರುಗಳ ಸಾಲು. ಏಣಿಯ ಬುಡದಲ್ಲಿ, ಹೊಸದಾಗಿ ಬಡಿದ ಹಲಗೆಯ ಮೇಲೆ, ನಾಲ್ಕು ಪ್ಲಗ್ಗುಗಳು. "ರಾತ್ರಿ ಇಲ್ಲಿ ಚಾರ್ಜಿಗೆ ಹಾಕಿದರೆ ಬೆಳಗ್ಗೆ ನಾಲ್ಕಕ್ಕೆ ತಯಾರು" ಎಂದು ಮೇಸ್ತ್ರಿ ಬಹಳ ಸಂತೋಷದಿಂದ ತೋರಿಸಿದ.

ಲಿಥಿಯಂ ಬ್ಯಾಟರಿ ಸಾಧು ಪ್ರಾಣಿ. ಆದರೆ ಕೆರಳಿದರೆ ಹಿಡಿಯಲು ಬಾರದು. ಅದರೊಳಗೆ ಹತ್ತಾರು ಸಣ್ಣ ಕೋಶಗಳಿವೆ. ಬಿದ್ದು ಪೆಟ್ಟಾಗಿದ್ದರೆ, ನೀರು ಹೊಕ್ಕಿದ್ದರೆ, ಹೊಂದಿಕೆಯಾಗದ ಅಗ್ಗದ ಚಾರ್ಜರು ಹಾಕಿದ್ದರೆ, ಒಂದು ಕೋಶ ಕಾದು ಪಕ್ಕದ್ದನ್ನು ಕಾಯಿಸುತ್ತದೆ, ಅದು ಮತ್ತೊಂದನ್ನು. ಮೊದಲು ವಿಷದ ಹೊಗೆ, ಕೆಲವೇ ಕ್ಷಣಗಳಲ್ಲಿ ಜ್ವಾಲೆ. ಆರಿತೆಂದು ತಿಳಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಇದು ಏಣಿಯ ಬುಡದಲ್ಲಿ ರಾತ್ರಿ ಎರಡು ಗಂಟೆಗೆ ನಡೆದರೆ ಮೇಲಿನ ಒಂಬತ್ತು ಮಂದಿ ಎಲ್ಲಿಂದ ಇಳಿಯಬೇಕು? ನಾವು ಕೇಳಿದ ಪ್ರಶ್ನೆ ಇದೊಂದೇ. ಮೇಸ್ತ್ರಿಯ ಸಂತೋಷ ಅಲ್ಲಿಗೇ ನಿಂತಿತು.

ಇದು ಹೆದರಿಸುವ ಮಾತಲ್ಲ. ನ್ಯೂಯಾರ್ಕ್ ನಗರದಲ್ಲಿ ಹೋಟೆಲು ಊಟ ಮುಟ್ಟಿಸುವ ಸಾವಿರಾರು ಮಂದಿ ಬ್ಯಾಟರಿ ಸೈಕಲ್ಲುಗಳನ್ನೇ ನಂಬಿದ್ದಾರೆ. ಮೆಕ್ಸಿಕೋ, ಗ್ವಾಟೆಮಾಲಾ ಮೊದಲಾದ ಕಡೆಗಳಿಂದ ಹೊಟ್ಟೆಪಾಡಿಗೆ ಬಂದವರು ಅವರಲ್ಲಿ ಬಹಳ. ನಮ್ಮ ಹಾಗೆಯೇ ಊರು ಬಿಟ್ಟವರು, ಇಕ್ಕಟ್ಟಿನಲ್ಲಿ ಮಲಗುವವರು. ಆ ನಗರದಲ್ಲಿ 2023ನೇ ಇಸವಿ ಒಂದರಲ್ಲಿಯೇ ಲಿಥಿಯಂ ಬ್ಯಾಟರಿಗಳ ಬೆಂಕಿಗೆ 18 ಮಂದಿ ಬಲಿಯಾದರು. ಆ ವರ್ಷದ ಸೆಪ್ಟೆಂಬರಿನಿಂದ, ಸುರಕ್ಷತೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಬ್ಯಾಟರಿ ಸೈಕಲ್ಲನ್ನು ಅಲ್ಲಿ ಮಾರಕೂಡದೆಂದು ನಗರಸಭೆ ಕಾಯಿದೆ ಮಾಡಿತು. ಅಲ್ಲಿಯ ಸವಾರರು ಸುಮ್ಮನೆ ಕೂತಿರಲಿಲ್ಲ. 2020ರ ಸುಮಾರಿಗೆ ಲೋಸ್ ಡೆಲಿವರಿಸ್ತಾಸ್ ಉನಿದೋಸ್ ಎಂಬ ಹೆಸರಿನಲ್ಲಿ ಒಟ್ಟುಗೂಡಿದರು. ಹೋಟೆಲುಗಳ ಪಾಯಿಖಾನೆ ಬಳಸಲು ತಮಗೆ ಹಕ್ಕು ಬೇಕೆಂಬುದು ಅವರ ಮೊದಮೊದಲಿನ ಬೇಡಿಕೆಗಳಲ್ಲೊಂದು. ಗಂಟೆಗೆ ಕನಿಷ್ಠ 17.96 ಡಾಲರು ಕೂಲಿ 2023ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಗಾಡಿಯ ಮಾತೂ ಕೂಲಿಯ ಮಾತೂ ಬೇರೆಬೇರೆಯಲ್ಲವೆಂದು ಅವರು ನಮಗಿಂತ ಮೊದಲು ಕಂಡುಕೊಂಡರು. ನಮ್ಮ ದೇಶದಲ್ಲಿಯೂ 2022ರಲ್ಲಿ ಬ್ಯಾಟರಿ ಸ್ಕೂಟರುಗಳು ಅಲ್ಲಲ್ಲಿ ಹೊತ್ತಿ ಉರಿದ ಮೇಲೆಯೇ ಕೇಂದ್ರ ಸರಕಾರ ಬ್ಯಾಟರಿಯ ನಿಯಮಗಳನ್ನು ಬಿಗಿ ಮಾಡಿತು.

ಆದುದರಿಂದ ನಮ್ಮ ಹಟ ಇಷ್ಟು. ಬ್ಯಾಟರಿಯನ್ನು ಗಾಡಿಯಿಂದ ಕಳಚಿ ತೆಗೆಯಲು ಬರುವಂತಿರಬೇಕು. ಮಧ್ಯಾಹ್ನ ಮೂರರಿಂದ ಐದೂವರೆ, ಹೋಟೆಲು ತಣ್ಣಗಿರುವ ಹೊತ್ತು. ಆಗ, ಎದುರಿನ ಶಟರಿನ ಬಳಿ, ಜನ ಎಚ್ಚರವಿರುವಲ್ಲಿ ಚಾರ್ಜು ಮಾಡಲಿ. ಓಡಿ ಬಂದ ಬಿಸಿ ಇಳಿಯುವವರೆಗೆ ಅರ್ಧ ಗಂಟೆ ಬಿಟ್ಟು ಹಾಕಲಿ. ಕಂಪೆನಿಯ ಚಾರ್ಜರು ಬಿಟ್ಟು ಇನ್ನೊಂದನ್ನು ಮುಟ್ಟಕೂಡದು. ಉಬ್ಬಿದ, ವಾಸನೆ ಬರುವ, ಬಿದ್ದ ಬ್ಯಾಟರಿಯನ್ನು ಒಳಗೆ ತರಲೇಕೂಡದು. ಕೊಳ್ಳುವಾಗ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದು ಸಿಕ್ಕಿದರೆ ಅದನ್ನೇ ಕೇಳಬೇಕು. ಸ್ವಲ್ಪ ಭಾರ, ಆದರೆ ಬೇಗ ಕೆರಳುವುದಿಲ್ಲ, ಬಾಳಿಕೆಯೂ ಹೆಚ್ಚು. ಸೀಸದ ಬ್ಯಾಟರಿಯ ಅಗ್ಗಕ್ಕೆ ಮರುಳಾಗಬೇಡಿ. ಅದರ ತೂಕವನ್ನು ದಿನವೂ ಹೊರುವುದು ನೀವೇ.

ಮಳೆಗಾಲದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಹಿಂದ್‌ಮಾತಾದಲ್ಲಿ, ಕಿಂಗ್ಸ್ ಸರ್ಕಲಿನಲ್ಲಿ ನೀರು ನಿಂತದ್ದನ್ನು ಕಾಣದವರು ನಮ್ಮಲ್ಲಿಲ್ಲ. ನೀರು ಗಾಲಿಯ ನಡುವಿನ ಮೋಟಾರಿಗೆ ಮುಟ್ಟುವಂತಿದ್ದರೆ ಆ ದಾರಿ ಹಿಡಿಯಬಾರದು, ಅಷ್ಟೆ. ಪಾರ್ಸೆಲ್ ತಡವಾದರೆ ಗಿರಾಕಿ ಬೈಯುತ್ತಾನೆ. ಬೈಗುಳ ಒಣಗುತ್ತದೆ, ಮೋಟಾರು ಒಣಗುವುದಿಲ್ಲ.

ಇನ್ನು ಹಣದ ಪ್ರಶ್ನೆ. ಧಣಿಗಳ ಕಾಗದವನ್ನು ನಾವು ಆ ರಾತ್ರಿಯೇ ಹುಡುಗರ ಎದುರು ಕೂಡಿಸಿದೆವು. ಗಾಡಿಯ ಬೆಲೆ ನಲವತ್ತೆಂಟು ಸಾವಿರ. ತಿಂಗಳಿಗೆ ಎರಡು ಸಾವಿರದಂತೆ ಇಪ್ಪತ್ತನಾಲ್ಕು ತಿಂಗಳಿಗೆ ನಲವತ್ತೆಂಟು ಸಾವಿರ. ಅಂದರೆ ಧಣಿ ಕೊಡುವುದು ಮುಂಗಡ ಮಾತ್ರ. ಇನ್ನು ಅವರಿಗೆ ಬರುವುದೇನು? ಆ ಹೋಟೆಲಿನಲ್ಲಿ ಈಗ ಓಡುತ್ತಿರುವುದು ಎರಡು ಪೆಟ್ರೋಲು ಸ್ಕೂಟರು, ಎರಡು ತುಳಿಯುವ ಸೈಕಲ್ಲು. ಸ್ಕೂಟರು ದಿನಕ್ಕೆ ಇಪ್ಪತ್ತೈದು ಕಿಲೋಮೀಟರು ಓಡಿದರೆ, ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲಿನಲ್ಲಿ ಅರುವತ್ತು ರೂಪಾಯಿಗೆ ಮೇಲಾಯಿತು. ಬ್ಯಾಟರಿ ಗಾಡಿ ಅಷ್ಟೇ ದೂರ ಹೋದರೆ ನಾಲ್ಕೈದು ರೂಪಾಯಿಯ ವಿದ್ಯುತ್ತು. ಒಂದು ಸ್ಕೂಟರಿನ ಜಾಗಕ್ಕೆ ಒಂದು ಗಾಡಿ ಬಂದರೆ ತಿಂಗಳಿಗೆ ಸುಮಾರು ಒಂದೂವರೆ ಸಾವಿರ ಉಳಿತಾಯ. ಉಳಿತಾಯ ಗಲ್ಲೆಗೆ, ಕಂತು ಹುಡುಗನಿಗೆ! ಊರಿಗೆ ತಿಂಗಳಿಗೆ ಐದು ಸಾವಿರ ಕಳಿಸುವ ಹುಡುಗ ಇನ್ನು ಮೂರು ಸಾವಿರ ಕಳಿಸಬೇಕು. ಅವನು ಹನ್ನೊಂದನೆಯ ತಿಂಗಳಲ್ಲಿ ಕೆಲಸ ಬಿಟ್ಟರೆ? ಕಾಗದದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಬ್ಯಾಟರಿ ಮೂರನೆಯ ವರ್ಷದಲ್ಲಿ ಸೊರಗಿದರೆ? ಗಾಡಿ "ನಿನ್ನದೇ" ಆಗುವುದು ಸರಿಯಾಗಿ ಹೊಸ ಬ್ಯಾಟರಿ ಹಾಕಿಸಬೇಕಾದ ಹೊತ್ತಿಗೆ.

ಹಳೆಯ ಕಾಯಿದೆ ಈ ವಿಷಯವನ್ನು ಬಹಳ ಹಿಂದೆಯೇ ಯೋಚಿಸಿತ್ತು. 1936ರ ವೇತನ ಪಾವತಿ ಕಾಯಿದೆಯಲ್ಲಿ, ಮಾಲಿಕ ಒದಗಿಸಿದ ಸೇವೆಗಳಿಗಾಗಿ ಸಂಬಳದಿಂದ ಹಿಡಿಯಬಹುದಾದ ಸಂದರ್ಭವನ್ನು ಹೇಳಿ, ಕೆಲಸಕ್ಕೆ ಬೇಕಾದ ಉಪಕರಣ ಮತ್ತು ಕಚ್ಚಾ ಸಾಮಗ್ರಿ ಆ 'ಸೇವೆ'ಯಲ್ಲಿ ಸೇರುವುದಿಲ್ಲವೆಂದು ಬಿಡಿಸಿ ಬರೆದಿದ್ದರು. ನ್ಯಾಯ ಎಷ್ಟು ಸರಳವಾಗಿದೆ ನೋಡಿ. ರುಬ್ಬುವ ಯಂತ್ರದ ಬೆಲೆಯನ್ನು ಭಟ್ಟರ ಸಂಬಳದಿಂದ ಯಾರಾದರೂ ಹಿಡಿಯುತ್ತಾರೆಯೇ? ದೋಸೆ ಕಲ್ಲಿನ ಕಂತನ್ನು ದೋಸೆ ಹೊಯ್ಯುವವನು ಕಟ್ಟುತ್ತಾನೆಯೇ? ಪಾರ್ಸೆಲ್ ಹುಡುಗನ ಗಾಡಿಯೂ ದೋಸೆ ಕಲ್ಲೇ. ಆ ಕಾಯಿದೆಯ ಸ್ಥಾನಕ್ಕೆ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಬಂದಿದೆ. ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧವನ್ನು ಮೀರಕೂಡದೆಂದು ಅದರಲ್ಲಿದೆ. ಕೆಲವು ಧಣಿಗಳು ಇದನ್ನು "ಅರ್ಧದವರೆಗೆ ಹಿಡಿಯಬಹುದು" ಎಂದು ಓದುತ್ತಿದ್ದಾರೆ. ಮಿತಿ ಹೇಳಿದ್ದು ಅಪ್ಪಣೆಯಾಗುವುದಿಲ್ಲ. ಯಾವ ಬಾಬಿಗೆ ಹಿಡಿಯಬಹುದೆಂಬುದನ್ನು ಸಂಹಿತೆ ಬೇರೆಯಾಗಿಯೇ ಹೇಳುತ್ತದೆ. ಕಾಗದಕ್ಕೆ ಸಹಿ ಹಾಕುವ ಮೊದಲು ಸಂಘಕ್ಕೆ ತಂದು ಓದಿಸಿ.

ಧಣಿಗಳಿಗೂ ಕಷ್ಟವಿದೆ, ಅಂಗಡಿ ಬಾಡಿಗೆ ಏರುತ್ತಿದೆ, ಮೊಬೈಲಿನ ಊಟದ ಕಂಪೆನಿಗಳು ಬಿಲ್ಲಿನಲ್ಲಿ ಪಾಲು ಕೀಳುತ್ತಿವೆ ಎಂಬುದನ್ನು ನಾವು ಅರಿಯದವರಲ್ಲ. ಅವರಲ್ಲಿ ಅನೇಕರು ನಮ್ಮ ಹಾಗೆಯೇ ಲೋಟ ತೊಳೆದು ಮೇಲೆ ಬಂದವರು. ಅದಕ್ಕೆ ದಾರಿ ಸರಕಾರದ ಬಾಗಿಲಿನಲ್ಲಿದೆ. ದೆಹಲಿ ಸರಕಾರ 2022ರಲ್ಲಿ ಹೊರೆ ಹೊರುವ ಬ್ಯಾಟರಿ ಸೈಕಲ್ಲುಗಳಿಗೆ ಬೆಲೆಯ ಸುಮಾರು ಮೂರನೆಯ ಒಂದು ಪಾಲನ್ನು, 15,000 ರೂಪಾಯಿ ಮೀರದಂತೆ, ಸಹಾಯಧನವೆಂದು ಘೋಷಿಸಿತ್ತು. ಅಂತಹುದನ್ನು ಇಲ್ಲಿಯೂ ಕೊಡಿರೆಂದು ಕೇಳಲು ಧಣಿಗಳ ಸಂಘ ಮುಂದೆ ಬಂದರೆ ಅವರ ಮೆರವಣಿಗೆಯಲ್ಲಿ ಬಾವುಟ ಹಿಡಿಯಲು ನಾವು ಸಿದ್ಧ.

ಇನ್ನೊಂದು ಮಾತನ್ನು ನಮ್ಮ ಹಳೆಯ ಗಿರಣಿ ಬಂಧುಗಳಿಂದ ಎರವಲು ಪಡೆದು ಹೇಳಬೇಕಾಗಿದೆ. ಹುಡುಗರು ಬಂದ ರಾತ್ರಿ 1982ರ ಮುಷ್ಕರದಲ್ಲಿ ಕೆಲಸ ಕಳೆದುಕೊಂಡ ಹಿರಿಯರೊಬ್ಬರು ಕೋಣೆಯ ಮೂಲೆಯಲ್ಲಿ ಪತ್ರಿಕೆ ಓದುತ್ತಾ ಕೂತಿದ್ದರು. ಎಲ್ಲ ಕೇಳಿಸಿಕೊಂಡು ಕೊನೆಗೆ, "ತಮ್ಮಾ, ನಾಲ್ಕು ಗಾಡಿ ಬಂದ ಮೇಲೆ ನಾಲ್ವರೂ ಇರುತ್ತೀರಾ ಎಂದು ಕೇಳಿದ್ದೀರಾ?" ಎಂದರು. ಹುಡುಗರು ಮುಖ ಮುಖ ನೋಡಿಕೊಂಡರು. ಕೇಳಿರಲಿಲ್ಲ. 1928ರಲ್ಲಿ ಈ ನಗರದ ಗಿರಣಿಗಳ ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಆರು ತಿಂಗಳು ಕೆಲಸ ನಿಲ್ಲಿಸಿದ್ದರ ಬೇರಿನಲ್ಲಿ ಇದ್ದದ್ದು ಇದೇ ಪ್ರಶ್ನೆ. ದಕ್ಷತೆಯ ಹೆಸರಿನಲ್ಲಿ, ಎರಡು ಮಗ್ಗ ನೋಡುತ್ತಿದ್ದ ನೇಕಾರನಿಗೆ ಮೂರು ಮಗ್ಗ ಕೊಟ್ಟರೆ ಮೂರರಲ್ಲಿ ಒಬ್ಬ ನೇಕಾರ ಬೀದಿಗೆ. ಗಾಡಿಯಲ್ಲಿಯೂ ಹೀಗೆಯೇ. ಕಾಲಿಗೆ ನೋವಾಗುವುದಿಲ್ಲವಲ್ಲ, ಹನ್ನೆರಡು ಸುತ್ತಿನ ಜಾಗದಲ್ಲಿ ಇಪ್ಪತ್ತು ಸುತ್ತು ಹೋಗು ಎಂದರೆ ಮೊಣಕಾಲಿಗೆ ಉಳಿದದ್ದು ಸೊಂಟಕ್ಕೆ ಹೋಯಿತು. ಇಪ್ಪತ್ತು ಸುತ್ತು ಇಬ್ಬರಿಂದಲೇ ಮುಗಿಯುವುದಾದರೆ ಉಳಿದಿಬ್ಬರು ಊರಿನ ಬಸ್ಸು ಹತ್ತಬೇಕು. ಅದಕ್ಕಾಗಿ ಗಾಡಿ ಬರುವ ಮೊದಲೇ ಸುತ್ತುಗಳ ಲೆಕ್ಕ, ಹೊರೆಯ ಮಿತಿ, ಇರುವ ಹುಡುಗರ ಸಂಖ್ಯೆ ಮೂರನ್ನೂ ಬರವಣಿಗೆಯಲ್ಲಿ ಪಡೆಯಬೇಕು. ಜತೆಗೆ ನೇಮಕ ಪತ್ರ. ಈ ಗಾಡಿಗೆ ನಂಬರಿಲ್ಲದ್ದರಿಂದ ವಿಮೆಯೂ ಇಲ್ಲ. ದಾರಿಯಲ್ಲಿ ಕೈಕಾಲು ಮುರಿದರೆ, "ಇವನು ನಮ್ಮ ಕೆಲಸಗಾರನೇ ಅಲ್ಲ" ಎಂಬ ಮಾತು ಬಾರದಂತೆ ತಡೆಯುವುದು ಆ ಒಂದು ಕಾಗದವೇ.

ನಾಲ್ವರು ಹುಡುಗರು ಈ ಬೇಡಿಕೆಗಳನ್ನು ಕನ್ನಡದಲ್ಲಿಯೇ ಬರೆದುಕೊಂಡು ಹೋದರು. ಸಂಘದಿಂದ ನಾವು ಇಬ್ಬರು ಜತೆಗಿದ್ದೆವು. ಧಣಿಗಳು ಮೊದಲು ಸಿಟ್ಟಾದರು, ಆಮೇಲೆ ಕಾಫಿ ತರಿಸಿದರು. ಪ್ಲಗ್ಗಿನ ಹಲಗೆ ಏಣಿಯ ಬುಡದಿಂದ ಕಿತ್ತು ಗಲ್ಲೆಯ ಪಕ್ಕಕ್ಕೆ ಬಂದಿದೆ. ನಾಲ್ಕರ ಬದಲು ಸದ್ಯಕ್ಕೆ ಎರಡೇ ಗಾಡಿ, ನಾಲ್ವರೂ ಕೆಲಸದಲ್ಲಿರುವುದು ಎಂಬಷ್ಟಕ್ಕೆ ಒಪ್ಪಿಗೆಯಾಗಿದೆ. ಕಂತಿನ ವಿಷಯದಲ್ಲಿ "ಅರ್ಧ ನಾನು, ಅರ್ಧ ಅವರು" ಎಂಬಲ್ಲಿಗೆ ಬಂದು ನಿಂತಿದ್ದಾರೆ. ಹುಡುಗರು ಒಪ್ಪಿಲ್ಲ, ನಾವೂ ಒಪ್ಪಿಲ್ಲ. ಮುಂದಿನ ಮಾತುಕತೆ ಹಬ್ಬ ಕಳೆದ ಮೇಲೆ.

ಈ ನಡುವೆ ಬೇರೆ ಮೂರು ಹೋಟೆಲುಗಳಿಂದಲೂ ಇಂತಹುದೇ ಬಣ್ಣದ ಕಾಗದಗಳು ನಮ್ಮ ಕೋಣೆಗೆ ಬಂದಿವೆ. ಆದಕಾರಣ ಬರುವ ಎರಡು ಸೋಮವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಹಿಟ್ಟಿನವರ ಗಾಡಿಯನ್ನು ಸಂಘದ ಕೋಣೆಯ ಕೆಳಗೆ ನಿಲ್ಲಿಸಿರುತ್ತೇವೆ. ಪಾರ್ಸೆಲ್ ಹುಡುಗರು ಬರಬೇಕು, ಬರುವಾಗ ತಮ್ಮ ಸಾಂಬಾರಿನ ಕ್ಯಾನನ್ನು ನೀರು ತುಂಬಿಸಿಕೊಂಡು ತರಬೇಕು. ಬರಿಗಾಡಿಯನ್ನು ಓಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಸೇತುವೆಯನ್ನು ಒಮ್ಮೆ ಹತ್ತಿ, ಇಳಿಯುವಾಗ ಬ್ರೇಕು ಹಿಡಿದು, ಗಲ್ಲಿಯಲ್ಲಿ ಒಮ್ಮೆ ತಿರುಗಿಸಿ ಬನ್ನಿ. ಧಣಿಗಳೂ ಬಂದು ಓಡಿಸಿ ನೋಡುವುದಾದರೆ ಸಂತೋಷ. ಅವರಿಗೂ ತುಂಬಿದ ಕ್ಯಾನನ್ನೇ ಕಟ್ಟಿಕೊಡುತ್ತೇವೆ.